ಹುಡುಗನ ಕಡೆಯ ಉತ್ತರ

ಆ್ಯಪ್‌ನಲ್ಲಿ ಪರಿಚಯವಾಗಿ ಮೊದಲ ಸಲ ಎದುರುಬದುರಾಗುವ ಜೋಡಿಯನ್ನು ನಾನು ಗಲ್ಲಾದಲ್ಲಿ ಕೂತಲ್ಲಿಂದಲೇ ಗುರುತು ಹಿಡಿಯುತ್ತೇನೆ. ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನ ಹತ್ತಿರವೇ ನಮ್ಮದೊಂದು ಸಸ್ಯಾಹಾರಿ ಹೋಟೆಲು. ಉಡುಪಿ ಕಡೆಯಿಂದ ಮದುವೆಯಾಗಿ ಬಂದವಳು ನಾನು. ಯಜಮಾನರು ಅಡುಗೆಮನೆ ನೋಡಿಕೊಂಡರೆ ನಾನು ಗಲ್ಲಾ ನೋಡಿಕೊಳ್ಳುತ್ತೇನೆ. ಈ ಜೋಡಿಗಳು ಯಾವತ್ತೂ ಬೇರೆ ಬೇರೆ ಬರುತ್ತವೆ. ಮೊದಲು ಬಂದವರು ಬಾಗಿಲಿಗೆ ಮುಖ ಮಾಡಿ ಕೂತು ನೀರು ಕುಡಿಯುತ್ತಲೇ ಇರುತ್ತಾರೆ. ಎರಡನೆಯವರು ಒಳಗೆ ಕಾಲಿಟ್ಟು ಒಮ್ಮೆ ಫೋನು ನೋಡುತ್ತಾರೆ, ಒಮ್ಮೆ ಮುಖ ನೋಡುತ್ತಾರೆ, ಮತ್ತೆ ಫೋನು ನೋಡುತ್ತಾರೆ. ಆಮೇಲೆ ಇಬ್ಬರೂ ಒಟ್ಟಿಗೆ ನಗುತ್ತಾರೆ. ಆ ನಗು ಮಾತ್ರ ನೋಡಲಿಕ್ಕೆ ಚಂದ.

ಅಲ್ಲ, ಊರಲ್ಲಿ ಇಷ್ಟೆಲ್ಲ ಕಾಫಿ ಅಂಗಡಿ, ಮಾಲು ಇರುವಾಗ ಇವರು ಇಡ್ಲಿ-ಸಾಂಬಾರಿನ ನಡುವೆ ಪ್ರೇಮ ಮಾಡಲು ಯಾಕೆ ಬರುತ್ತಾರೆ? ಗೊತ್ತಾಗದ ವಿಷಯವನ್ನು ಗೊತ್ತಿಲ್ಲದ ಹಾಗೆ ಬಿಟ್ಟುಬಿಡುವ ಜಾಯಮಾನ ನನ್ನದಲ್ಲ. ಪದೇ ಪದೇ ಬರುವ ಒಬ್ಬ ಮರಾಠಿ ಹುಡುಗಿಯನ್ನು ಕೇಳಿಯೇ ಬಿಟ್ಟೆ. "ಕಾಕೂ, ಇಲ್ಲಿ ಬೆಳಕು ಜೋರಿದೆ, ಜನ ಇದ್ದಾರೆ. ಹುಡುಗ ಸರಿ ಇಲ್ಲ ಅನ್ನಿಸಿದರೆ ಇಡ್ಲಿ ಮುಗಿಸಿ ಲೋಕಲ್ ಹಿಡಿದು ಹೋಗಿಬಿಡಬಹುದು" ಎಂದು ಅವಳು ತನ್ನ ಭಾಷೆಯಲ್ಲಿ ಹೇಳಿದಳು. ಹುಡುಗಿ ಜಾಣೆ ಎಂದುಕೊಂಡು ಅವಳಿಗೆ ಒಂದು ಲೋಟ ಮಜ್ಜಿಗೆ ನಾನೇ ಕೊಡಿಸಿದೆ.

ನನಗೆ ಇಷ್ಟು ಕುತೂಹಲ ಹುಟ್ಟಲಿಕ್ಕೆ ಕಾರಣವುಂಟು. ನಮ್ಮ ಹೋಟೆಲಿನ ಮಹಡಿಯ ಮೇಲೆ ಒಂದು ಫ್ಯಾಮಿಲಿ ರೂಮ್ ಇದೆ. ಒಂದು ಕಾಲದಲ್ಲಿ ಕಲ್ಯಾಣ, ಅಂಬರನಾಥ, ಠಾಣೆಯ ಕೋಪರಿ ಕಡೆಯ ನಮ್ಮವರ ಹೆಣ್ಣು ನೋಡುವ ಶಾಸ್ತ್ರ ಬಹಳಷ್ಟು ಆ ಕೋಣೆಯಲ್ಲೇ ನಡೆಯುತ್ತಿತ್ತು. ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರಗಳಲ್ಲಿ ಗಂಡಿನ ಕಡೆಯ ಎಂಟು ಜನರನ್ನು ಕೂರಿಸುವುದು ಎಲ್ಲಿ? ಹಾಗಾಗಿ ನಮ್ಮಲ್ಲಿಗೆ ಬರುತ್ತಿದ್ದರು. ಎರಡು ಮೇಜು ಸೇರಿಸಿ, ಶಿರಾ-ಉಪ್ಪಿಟ್ಟು ಕೊಟ್ಟು, ಹುಡುಗಿಯ ಪಕ್ಕ ನಾನೇ ಕೂರುತ್ತಿದ್ದೆ. ಕೈ ನಡುಗುತ್ತಿದ್ದರೆ ಮೇಜಿನ ಕೆಳಗೆ ಹಿಡಿದುಕೊಳ್ಳುತ್ತಿದ್ದೆ.

ನೋಡಿ ಹೋದ ಮೇಲೆ ಗಂಡಿನ ಕಡೆಯ ಹಿರಿಯರೊಬ್ಬರು ಮೂರು-ನಾಲ್ಕು ದಿನದಲ್ಲಿ ಕಾಫಿಗೆ ಅಂತ ಬರಬೇಕು. ಉತ್ತರ ನನ್ನ ಹತ್ತಿರ ಹೇಳಬೇಕು. ಅದನ್ನು ನಾನು ಹೆಣ್ಣಿನ ಮನೆಗೆ ಮುಟ್ಟಿಸಬೇಕು. ಇದು ಯಾರೂ ಬರೆದಿಟ್ಟ ನಿಯಮವಲ್ಲ, ಹಾಗೆ ಬೆಳೆದುಬಂತು. ಸರಿ ಎಂದಾದರೆ ಅವರು ಕುಳಿತುಕೊಳ್ಳುವ ಮೊದಲೇ ಮುಖ ಹೇಳುತ್ತಿತ್ತು. ಬೇಡ ಎಂದಾದರೆ ಕಾಫಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, "ಜಾತಕ ಕೂಡಿಬರ್ಲಿಲ್ಲ ಅಮ್ಮಾ" ಎನ್ನುತ್ತಿದ್ದರು. ತಮಾಷೆ ಏನೆಂದರೆ, ನಮ್ಮಲ್ಲಿ ಜಾತಕ ಕೂಡಿದ ಮೇಲೆಯೇ ಹುಡುಗಿ ನೋಡಲು ಬರುವುದು! ಆದರೆ "ಇನ್ನೊಬ್ಬ ಜೋಯಿಸರಿಗೆ ತೋರಿಸಿದೆವು" ಎಂದು ಸೇರಿಸಿದರೆ ಮುಗಿಯಿತು. ಹೇಳುವವರಿಗೂ ಗೊತ್ತು, ಒಯ್ಯುವ ನನಗೂ ಗೊತ್ತು, ಕೇಳಿಸಿಕೊಳ್ಳುವವರಿಗೂ ಗೊತ್ತು. ಹುಡುಗಿ ಕಪ್ಪು, ಹುಡುಗಿಯ ಅಪ್ಪ ಕಾರ್ಖಾನೆಯಲ್ಲಿ ಸಾಮಾನ್ಯ ಕೆಲಸದವನು ಎಂದು ಯಾರೂ ಬಾಯಿ ಬಿಡಬೇಕಾಗಿರಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ಮದುವೆ ಮುರಿಯಲಿಕ್ಕೆ ನಮಗೆ ಇದೊಂದೇ ಸುಳ್ಳು ಸಾಕಾಗುತ್ತಿತ್ತು.

ಇಂಥ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಒಂದು ಭಾನುವಾರ ಮಧ್ಯಾಹ್ನ ಕಾಲು ಚಾಚಿ ಕೂತು, "ಮಮ್ಮಿ, ಮೈ ಆ್ಯಪ್ ಪೇ ಹೂಂ" ಎಂದಳು. ಇವಳೂ ಆ ಆ್ಯಪಿನಲ್ಲಿದ್ದಾಳಂತೆ. ಮಗಳು ಹುಟ್ಟಿದ್ದು ಬೆಳೆದದ್ದೆಲ್ಲ ಇಲ್ಲೇ. ಐರೋಲಿಯ ಒಂದು ಆಫೀಸಿನಲ್ಲಿ ಕೆಲಸ, ಮೂವತ್ತರ ಹತ್ತಿರ ವಯಸ್ಸು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ಪದ್ಧತಿ. ಬೈಯುತ್ತೇನೆ ಎಂದುಕೊಂಡಿದ್ದಳೋ ಏನೋ, ನಾನು ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಸರಿದು ಕೂತೆ. "ತೋರಿಸು ಕಾಂಬ" ಎಂದೆ.

ಅಬ್ಬಬ್ಬಾ, ಎಷ್ಟು ಗಂಡುಗಳು ಆ ಫೋನಿನೊಳಗೆ! ಅರ್ಧಕ್ಕರ್ಧ ಜನ ಬೆಟ್ಟದ ತುದಿಯಲ್ಲಿ ನಿಂತಿದ್ದಾರೆ. ಕೆಲವರು ಬೇರೆಯವರ ನಾಯಿ ಎತ್ತಿಕೊಂಡಿದ್ದಾರೆ. ಕಪ್ಪು ಕನ್ನಡಕ ಹಾಕದವರು ಕಡಿಮೆ. ಅಪ್ಪ ಯಾರು, ಅಮ್ಮ ಯಾರು, ತಂಗಿಯ ಮದುವೆ ಆಗಿದೆಯೋ ಇಲ್ಲವೋ, ಒಂದಕ್ಷರ ಇಲ್ಲ. ಆದರೆ ರಾತ್ರಿ ಬೇಗ ಮಲಗುವವನೋ ತಡವಾಗಿ ಮಲಗುವವನೋ ಎಂದು ಬರೆದಿದೆ.

"ಇದು ನಾವು ಕೇಳ್ಲೇ ಇಲ್ಲ ನೋಡು. ಕೇಳ್ಬೇಕಿತ್ತು. ನಿನ್ನಪ್ಪನ ಗೊರಕೆ ವಿಷಯ ಯಾರೂ ಹೇಳ್ಲಿಲ್ಲ ನಂಗೆ" ಎಂದೆ. ಅವಳು ಬಿದ್ದು ಬಿದ್ದು ನಕ್ಕಳು.

ಎಡಕ್ಕೆ ತಳ್ಳಿದರೆ ಬೇಡ, ಬಲಕ್ಕೆ ತಳ್ಳಿದರೆ ಸರಿ ಎಂದು ಕಲಿಸಿಕೊಟ್ಟಳು. ಎಡಕ್ಕೆ ಹೋದವನಿಗೆ ತಾನು ಬೇಡವಾದದ್ದು ಗೊತ್ತಾಗುತ್ತದಾ ಎಂದು ಕೇಳಿದೆ. ಗೊತ್ತಾಗುವುದಿಲ್ಲವಂತೆ. ಅವನು ಕಾಯುವುದೂ ಇಲ್ಲವಂತೆ, ಅವನ ಫೋನಿನಲ್ಲೂ ಇಷ್ಟೇ ಹುಡುಗಿಯರು ಇರುತ್ತಾರಂತೆ. ನನಗೆ ನಿಜವಾಗಿ ಖುಷಿಯಾಯಿತು. ಎಷ್ಟು ಒಳ್ಳೆಯ ಏರ್ಪಾಡು ಮಾರಾಯ್ರೆ! ಯಾರೂ ಶಿರಾ ಮಾಡುವುದು ಬೇಡ, ಯಾರ ಕೈಯೂ ನಡುಗುವುದು ಬೇಡ, ಉತ್ತರ ಹೊತ್ತುಕೊಂಡು ಯಾರ ಮನೆಯ ಮೆಟ್ಟಿಲೂ ಹತ್ತುವುದು ಬೇಡ. ಯಜಮಾನರಿಗೂ ಅದನ್ನೇ ಹೇಳಿದೆ. ಅವರು "ಹೂಂ" ಎಂದು ಪತ್ರಿಕೆ ತಿರುವಿದರು.

ಆ ಫೋನಿನಿಂದ ಇಳಿದು ಬಂದವನೇ ಬೆಂಗಳೂರಿನ ಹುಡುಗ. ನವಿ ಮುಂಬಯಿಯಲ್ಲಿ ಲೆಕ್ಕಪತ್ರದ ಕಂಪನಿಯೊಂದರಲ್ಲಿ ಕೆಲಸ, ಠಾಣೆಯ ವರ್ತಕ ನಗರದಲ್ಲಿ ಇಬ್ಬರು ಸ್ನೇಹಿತರೊಂದಿಗೆ ಬಾಡಿಗೆ ಮನೆ. ಗಣಪತಿ ಹಬ್ಬದ ನಂತರ ಒಂದು ದಿನ ಮಗಳು ಅವನನ್ನು ಹೋಟೆಲಿಗೇ ಕರೆದುಕೊಂಡು ಬಂದಳು. ಮಸಾಲೆ ದೋಸೆ ತಿಂದು, ಕೈ ತೊಳೆದು, ಗಲ್ಲಾದ ಹತ್ತಿರ ಬಂದು, "ಆಂಟಿ, ದೋಸೆ ಸೂಪರ್. ಕಾಫಿ ಮಾತ್ರ ಇನ್ನೊಂಚೂರು ಸ್ಟ್ರಾಂಗ್ ಇರ್ಬೋದಿತ್ತು" ಎಂದ. ಈವರೆಗೆ ನನ್ನೆದುರು ನಿಂತು ಹಾಗೆ ಹೇಳಿದವರಿಲ್ಲ. ನನಗೆ ಹಿಡಿಸಿದ.

ಅದಕ್ಕಿಂತ ದೊಡ್ಡ ಸಂಗತಿ ಮನೆಯಲ್ಲಿ ನಡೆಯಿತು. ಒಂದು ಬೆಳಿಗ್ಗೆ ನಾನು ಒಗ್ಗರಣೆ ಹಾಕುತ್ತಿದ್ದಾಗ ಹಿಂದಿನಿಂದ ಯಾರೋ "ಅಮ್ಮಾ, ತಿಂಡಿ ಏನ್ ಮಾಡ್ದೆ?" ಎಂದರು. ಯಾರು ಬಂದರಪ್ಪಾ ಎಂದು ತಿರುಗಿದರೆ ನನ್ನ ಮಗಳು! ನಾನು ಇಪ್ಪತ್ತೆಂಟು ವರ್ಷ ಬಡಿದಾಡಿಕೊಂಡರೂ ಬಾರದ ಕನ್ನಡ, ಅವನ ಜೊತೆ ನಾಲ್ಕು ತಿಂಗಳು ಮಾತಾಡುವಷ್ಟರಲ್ಲಿ ಬಂದಿತ್ತು. ಅದೂ ನಮ್ಮ ಕರಾವಳಿಯದ್ದಲ್ಲ, ಅಪ್ಪಟ ಬೆಂಗಳೂರಿನದ್ದು. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಹುಡುಗಿ ಮುಳುಗಿದ್ದಾಳೆ ಎಂದು ನನಗೆ ಅವತ್ತೇ ತಿಳಿಯಿತು. ಅವನಿಗೆ ಜ್ವರ ಬಂದಾಗ ಗಂಜಿ, ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡು ಮಗಳ ಜೊತೆ ವರ್ತಕ ನಗರಕ್ಕೆ ನಾನೂ ಹೋಗಿ ಬಂದೆ.

ಮದುವೆಯ ಮಾತೆತ್ತಬೇಡ ಎಂದು ಮಗಳು ಮೊದಲೇ ತಾಕೀತು ಮಾಡಿದ್ದಳು. "ನಾವು ಹಂಗೇನೂ ಹೇಳ್ಕೊಂಡಿಲ್ಲ ಅಮ್ಮ, ನೋಡ್ತಾ ಇದೀವಿ" ಎನ್ನುತ್ತಿದ್ದಳು. ನಮ್ಮ ಕಾಲದಲ್ಲಿ ನೋಡುವುದು ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಇವರದ್ದು ಗಣಪತಿಯಿಂದ ಯುಗಾದಿಯವರೆಗೆ ನಡೆದೇ ಇತ್ತು. ಇದು ಎಂಥ ನೋಡುವುದು, ಯಾವಾಗ ಮುಗಿಯುವುದು ಎಂದು ನನಗೆ ಕೇಳಬೇಕೆನಿಸಿದರೂ ಬಾಯಿ ಮುಚ್ಚಿಕೊಂಡಿದ್ದೆ.

ಯುಗಾದಿ ಕಳೆದ ಮೇಲೆ ಅವನ ಸುದ್ದಿಯೇ ನಿಂತುಹೋಯಿತು. ಜಗಳವಿಲ್ಲ, ಮಾತಿಲ್ಲ. ಮೆಸೇಜಿಗೆ ಉತ್ತರ ಮೊದಲು ತಡವಾಯಿತು, ಆಮೇಲೆ ಒಂದೇ ಪದವಾಯಿತು, ಆಮೇಲೆ ಬರಲಿಲ್ಲ. ಫೋನು ಎತ್ತುವುದಿಲ್ಲ. ಬದುಕಿದ್ದಾನೆ ಎಂದು ಗೊತ್ತಿತ್ತು. ದಿನಾ ಫೋಟೋ ಹಾಕುತ್ತಿದ್ದ. ಮಗಳು ಊಟದ ತಟ್ಟೆಯ ಪಕ್ಕ ಫೋನಿಟ್ಟುಕೊಂಡು ಕೂರತೊಡಗಿದಳು. ಸ್ನಾನಕ್ಕೂ ಒಯ್ಯತೊಡಗಿದಳು. ಮನೆಯಲ್ಲಿ ಮತ್ತೆ ಹಿಂದಿ ಶುರುವಾಯಿತು. ಹಸಿವಿಲ್ಲ ಎನ್ನಲು "ಭೂಖ್ ನಹೀಂ ಹೈ" ಎನ್ನುವುದನ್ನು ಬಿಟ್ಟರೆ ಅದೂ ಇಲ್ಲ.

ಕೊನೆಗೆ ಒಂದು ದಿನ ನಾನೇ ಕೇಳಿದೆ. "ನಿಂಗೀಗ ಎಂತ ಬೇಕು ಹೇಳು. ಅವನು ಬೇಕಾ?"

ಅವಳು ಫೋನನ್ನೇ ನೋಡುತ್ತಾ ಹಿಂದಿ-ಕನ್ನಡ ಕಲಸಿ ಹೇಳಿದಳು. "ಪತಾ ನಹೀಂ ಮಮ್ಮಿ, ಗೊತ್ತಿಲ್ಲ. ನಾ ಹೀ ಬೋಲ್ ದೇ, ಬಸ್. ಇಲ್ಲ ಅಂತಾದ್ರೂ ಹೇಳ್ಲಿ. ನಾನು ಎಷ್ಟ್ ದಿನ ಕಾಯೋದು?"

ಶಾಲೆ ಕಾಲೇಜು ಕಾಣದ ಮುದುಕರು ಕಲ್ಯಾಣದಿಂದ ರೈಲು ಹತ್ತಿ ಬಂದು, ಕಾಫಿ ಕುಡಿದು, ಸುಳ್ಳಾದರೂ ಒಂದು ಉತ್ತರ ಕೊಟ್ಟು ಹೋಗುತ್ತಿದ್ದರು. ಇವನಿಗೆ ಕೂತಲ್ಲೇ ಬೆರಳಾಡಿಸಿದರೆ ಮುಗಿಯುವ ಕೆಲಸ, ಅದೂ ಆಗುವುದಿಲ್ಲ ಎಂದರೆ? ಯಜಮಾನರು "ನೀನು ಅದ್ರಲ್ಲಿ ಮೂಗು ತೂರ್ಸಬೇಡ. ಕಾಲ ಬೇರೆ" ಎಂದರು. ಕಾಲ ಬೇರೆಯಾದರೆ ಆಗಲಿ, ಕಾಯುವುದು ಬೇರೆಯಾಗಿಲ್ಲವಲ್ಲ ಎಂದು ನಾನು ಶನಿವಾರ ಮಧ್ಯಾಹ್ನ ಮಗಳಿಗೆ ಹೇಳದೆ ಲೋಕಲ್ ಹತ್ತಿದೆ.

ಅಲ್ಲೊಂದು ತಪ್ಪು ಮಾಡಿದೆ. ಬರಿಗೈಯಲ್ಲಿ ಇನ್ನೊಬ್ಬರ ಮನೆಗೆ ಹೋಗಿ ನನಗೆ ಅಭ್ಯಾಸವಿಲ್ಲ. ಹೊರಡುವಾಗ ಹೋಟೆಲಿನ ಅಡುಗೆಮನೆಯಲ್ಲಿ ಬಿಸಿ ಬಿಸಿ ಕಾಶಿಹಲ್ವ ಇಳಿಸಿದ್ದರು. ಒಂದು ಸ್ಟೀಲಿನ ಡಬ್ಬಿಗೆ ತುಂಬಿಸಿಕೊಂಡೆ. ಜಗಳಕ್ಕೆ ಹೋಗುವವಳು ಸಿಹಿ ಒಯ್ಯುತ್ತಾಳೆಯೇ ಎಂಬ ಯೋಚನೆ ಠಾಣೆಯಲ್ಲಿಳಿದು ರಿಕ್ಷಾ ಹಿಡಿಯುವವರೆಗೂ ತಲೆಗೆ ಹೊಳೆಯಲಿಲ್ಲ.

ಬಾಗಿಲು ತೆರೆದವನು ಅವನೇ. ರೇಷ್ಮೆಯಂಚಿನ ಸೀರೆಯುಟ್ಟ ನನ್ನನ್ನು ನೋಡಿದ, ಡಬ್ಬಿ ನೋಡಿದ, ಮುಖ ಬಿಳಿಚಿಕೊಂಡಿತು. ಒಳಗೆ ಕೂತಿದ್ದ ಇಬ್ಬರು ಸ್ನೇಹಿತರು ಪಿಸಕ್ಕೆಂದು ನಕ್ಕು ಕೋಣೆಯೊಳಗೆ ಹೋದರು. ಹೆಣ್ಣಿನ ತಾಯಿ ಸಿಹಿ ಹಿಡಿದು ಸಂಬಂಧ ಕುದುರಿಸಲು ಬಂದಿದ್ದಾಳೆ ಎಂದು ಪಾಪ, ಅವನು ತಿಳಿದುಕೊಂಡ.

"ಬನ್ನಿ ಆಂಟಿ, ಕೂತ್ಕೊಳ್ಳಿ" ಎಂದವನು ನಾನು ಕೂರುವಷ್ಟರಲ್ಲೇ ಶುರು ಮಾಡಿದ. "ಆಂಟಿ, ನಾನೇ ಬಂದ್ ಹೇಳ್ಬೇಕು ಅಂತಿದ್ದೆ. ಊರಲ್ಲಿ ಅಮ್ಮ ಜಾತಕ ತೋರ್ಸಿದ್ರಂತೆ. ಕೂಡಿಬರ್ಲಿಲ್ವಂತೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಎಲ್ಲಿಯ ಫೋನು, ಎಲ್ಲಿಯ ಬೆಟ್ಟದ ತುದಿ! ಸಿಕ್ಕಿಬಿದ್ದ ಕೂಡಲೇ ಇವನಿಗೂ ಅದೇ ಜಾತಕ ನೆನಪಾಗಬೇಕೇ?

"ಯಾರ ಜಾತಕ ತೋರ್ಸಿದ್ರು ಮಾರಾಯ? ನನ್ನ ಮಗಳದ್ದು ನಮ್ಮ ಕಪಾಟಿಂದ ಹೊರಗೇ ಬರ್ಲಿಲ್ಲ. ಅವಳು ಹುಟ್ಟಿದ ಗಳಿಗೆ ಅವಳಿಗೇ ಗೊತ್ತಿಲ್ಲ, ನಿನ್ನಮ್ಮನಿಗೆ ಯಾರು ಹೇಳಿದ್ದು?"

ಅವನು ತಲೆ ತಗ್ಗಿಸಿದ. ಕಿವಿ ಕೆಂಪಾಗಿತ್ತು. ನನ್ನ ಸಿಟ್ಟೆಲ್ಲ ನಗುವಿನಲ್ಲಿ ಸೋರಿಹೋಗಿ, ಉಳಿದದ್ದು ತಿಳಿದುಕೊಳ್ಳುವ ಆಸೆ ಮಾತ್ರ. "ಬೈಲಿಕ್ಕೆ ಬಂದದ್ದಲ್ಲ ನಾನು. ಸಂಬಂಧ ಕೇಳ್ಲಿಕ್ಕೂ ಅಲ್ಲ. ಹಲ್ವ ಸುಮ್ಮನೆ ತಂದದ್ದು, ಹೆದರಬೇಡ. ಅವಳು ಎಂತ ತಪ್ಪು ಮಾಡಿದ್ಳು ಅಂತ ಕೇಳಿ ಹೋಗುವ ಅಂತ ಬಂದೆ."

"ಅವ್ಳ್ದೇನೂ ತಪ್ಪಿಲ್ಲ ಆಂಟಿ. ನಿಜವಾಗ್ಲೂ."

"ಮತ್ತೆ?"

ಅವನು ಕೈಯಲ್ಲಿದ್ದ ಫೋನನ್ನು ಬೋರಲು ಇಟ್ಟ. "ಅವ್ಳ ಜೊತೆ ಇದ್ದಾಗ ಚೆನ್ನಾಗೇ ಇರುತ್ತೆ. ಮನೆಗೆ ಬಂದು ಫೋನ್ ನೋಡಿದ್ರೆ ಇನ್ನೂ ಎಷ್ಟೋ ಜನ ಇದಾರಲ್ಲ ಅನ್ಸುತ್ತೆ. ಇವ್ಳೇ ಅಂತ ಹೇಳ್ಬಿಟ್ರೆ ಅವ್ರೆಲ್ಲಾ ಹೋಗ್ಬಿಡ್ತಾರೆ ಅಂತ ಭಯ ಆಗುತ್ತೆ."

"ಅವ್ರಲ್ಲಿ ಯಾರಾದ್ರೂ ಸಿಕ್ಕಿದ್ರಾ ನಿಂಗೆ?"

"ಇಲ್ಲ" ಎಂದು ಅವನೂ ಸಣ್ಣಗೆ ನಕ್ಕ.

"ಇರ್ಲಿ. ಬೇಡ ಅಂತ ಅವ್ಳಿಗೆ ಒಂದು ಮಾತು ಹೇಳ್ಲಿಕ್ಕೆ ಎಂತ ಕಷ್ಟ ಇತ್ತು?"

"ಶುರುವಾಯ್ತು ಅಂತ ನಾವಿಬ್ರೂ ಯಾವತ್ತೂ ಹೇಳ್ಕೊಂಡಿರ್ಲಿಲ್ಲ ಆಂಟಿ. ಮುಗೀತು ಅಂತ ಹೆಂಗೆ ಹೇಳೋದು? ನನ್ನನ್ನೂ ಇಬ್ರು ಹುಡ್ಗೀರು ಹಿಂಗೇ ಬಿಟ್ಟು ಹೋದ್ರು. ಎಲ್ರೂ ಹಿಂಗೇ ಮಾಡ್ತಾರೆ ಅನ್ಕೊಂಡೆ."

ನನ್ನ ಮಗಳೂ ಅದನ್ನೇ ಹೇಳಿದ್ದಳಲ್ಲ, ನಾವು ಹಾಗೇನೂ ಹೇಳಿಕೊಂಡಿಲ್ಲ ಎಂದು. ನಮ್ಮ ಮೇಜುಗಳಲ್ಲಿ ಶಿರಾ ಬಂತು ಎಂದರೆ ಶುರುವಾಯಿತು ಎಂದರ್ಥ. ಇವರಿಗೆ ಬಾಗಿಲೇ ಇಲ್ಲದ ಮನೆ. ಯಾವಾಗ ಒಳಗೆ ಬಂದೆವು, ಯಾವಾಗ ಹೊರಗೆ ಹೋದೆವು ಎಂದು ಅವರಿಗೇ ತಿಳಿಯುವುದಿಲ್ಲ. ಅವನನ್ನು ಕೆಟ್ಟವನು ಎನ್ನಲು ನನಗೆ ಮನಸ್ಸಾಗಲಿಲ್ಲ. ಕೆಟ್ಟವನಾಗಿದ್ದರೆ ಸುಲಭವಿತ್ತು.

"ಈಗ ನನ್ನೆದುರು ಹೇಳು. ಬೇಕಾ, ಬೇಡವಾ?"

ಅವನು ನನ್ನ ಮುಖ ನೋಡಿದ. "ಬೇಡ ಆಂಟಿ."

ಅಷ್ಟು ದೂರ ಅದನ್ನೇ ಕೇಳಲು ಹೋದವಳು, ಆದರೂ ಒಳಗೆಲ್ಲೋ ಅವನು ಬೇಕು ಎಂದಾನು ಎಂದು ಆಸೆಯಿಟ್ಟುಕೊಂಡಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನದು ಹೆಗ್ಗಣವೂ ಅಲ್ಲ, ಚಿನ್ನದಂಥ ಹುಡುಗಿ. ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದೆ. ಅವನು ಕೆಳಗಿನವರೆಗೆ ಬಂದು ರಿಕ್ಷಾ ನಿಲ್ಲಿಸಿಕೊಟ್ಟ.

ರೈಲಿನಲ್ಲಿ ಮುಂಬ್ರಾ ದಾಟುವವರೆಗೆ ಏನು ಹೇಳಲಿ ಎಂದೇ ಯೋಚಿಸಿದೆ. ನನ್ನ ಬಾಯಲ್ಲಿ ಸಿದ್ಧ ಸುಳ್ಳುಗಳಿಗೆ ಬರವಿಲ್ಲ. ಅವನಿಗೆ ವಿದೇಶಕ್ಕೆ ವರ್ಗವಾಗಿದೆ ಎನ್ನಲೇ? ಊರಲ್ಲಿ ಅಮ್ಮ ಒಪ್ಪಲಿಲ್ಲವಂತೆ ಎನ್ನಲೇ? ಯಾವುದನ್ನು ಹೇಳಿದರೂ ಮಗಳು ಅದರ ಬಾಲ ಹಿಡಿದು ಇನ್ನೂ ಆರು ತಿಂಗಳು ಕಾಯುತ್ತಾಳೆ ಎನಿಸಿತು. ವರ್ಗವಾದವನು ವಾಪಸು ಬರಬಹುದು, ಒಪ್ಪದ ಅಮ್ಮ ಒಪ್ಪಬಹುದು. ಜನರ ನೂಕಿನಲ್ಲಿ ಡೊಂಬಿವಲಿಯಲ್ಲಿ ಇಳಿದಾಗಲೂ ತೀರ್ಮಾನವಾಗಿರಲಿಲ್ಲ.

ಬಾಗಿಲು ತೆಗೆದ ಮಗಳ ಕೈಯಲ್ಲಿ ಫೋನು ಉರಿಯುತ್ತಿತ್ತು. ಕಣ್ಣೂ ಉರಿಯುತ್ತಿತ್ತು. "ಪಢೋ, ಓದು" ಎಂದು ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಅವನ ಮೆಸೇಜು ಬಂದಿತ್ತು. 'ನಿಮ್ಮಮ್ಮ ಬಂದಿದ್ರು. ತುಂಬಾ ಒಳ್ಳೆಯವರು. ಸಾರಿ' ಎಂದು ಬರೆದಿದ್ದ.

"ಇಷ್ಟ್ ದಿನ ಆದ್ಮೇಲೆ ಒಂದು ಮೆಸೇಜ್ ಬಂತು ಮಮ್ಮಿ! ಓಡ್ಬಂದು ತೆಗೆದು ನೋಡಿದ್ರೆ, ಅದೂ ನಿನ್ ಬಗ್ಗೆ!" ಎಂದು ಕಿರುಚಿದಳು. ಯಾಕೆ ಹೋದೆ, ಯಾರು ಹೋಗಲು ಹೇಳಿದ್ದು, ನನ್ನ ಮಾನ ಕಳೆದೆ, ಮುಂದೆ ಅವನೆದುರು ಹೇಗೆ ಮುಖವೆತ್ತಲಿ ಎಂದು ಬಾಯಿಗೆ ಬಂದದ್ದೆಲ್ಲ ಅಂದಳು. ನಾನು ಚಪ್ಪಲಿಯನ್ನೂ ಬಿಡದೆ ನಿಂತು ಕೇಳಿದೆ. ತಪ್ಪು ಹೇಳುತ್ತಿದ್ದಾಳೆ ಎನಿಸಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದ ಯಜಮಾನರು ಹಾಗೇ ಹಿಂದೆ ಸರಿದರು.

ಬೈದು ಸುಸ್ತಾಗಿ ಸೋಫಾದ ತುದಿಯಲ್ಲಿ ಕೂತಳು. ಬಹಳ ಹೊತ್ತಿನ ಮೇಲೆ, ನನ್ನ ಕಡೆ ನೋಡದೆ ಕೇಳಿದಳು. "ಕ್ಯಾ ಬೋಲಾ?"

"ಬೇಡ ಅಂದ" ಎಂದೆ.

"ಯಾಕಂತೆ?"

"ಕಾರಣ ಅವನಿಗೇ ಸರಿ ಗೊತ್ತಿಲ್ಲ ಮಗಾ. ನಿನ್ನ ತಪ್ಪು ಎಂತದ್ದೂ ಇಲ್ಲ ಅಂದ. ಬೇಡ ಅಂದ."

"ಬಸ್? ಅಷ್ಟೇನಾ?"

"ಅಷ್ಟೇ."

ಅವಳು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಚಿಕ್ಕವಳಿದ್ದಾಗ ಬಿದ್ದು ಮಂಡಿ ತರಚಿಕೊಂಡರೆ ಅಳುತ್ತಿದ್ದ ಹಾಗೆ, ದನಿ ತೆಗೆದು ಅತ್ತಳು. ಇಷ್ಟು ವಾರಗಳಲ್ಲಿ ಅತ್ತಿರಲಿಲ್ಲ ಅವಳು, ಕಾಯುತ್ತಿದ್ದಳಲ್ಲ. ಎಷ್ಟು ಮನೆಗಳಿಗೆ ನಾನು ಇಂಥ ಉತ್ತರ ಒಯ್ದಿರಲಿಕ್ಕಿಲ್ಲ! ಮೆಟ್ಟಿಲಿನಲ್ಲೋ ಹೊಸಿಲಿನಲ್ಲೋ ನಿಂತು ಹೇಳಿ, ಅವರು ಕೊಟ್ಟ ನೀರು ಕುಡಿದು, ರೈಲಿಗೆ ಹೊತ್ತಾಯಿತು ಎಂದು ಹೊರಟುಬಿಡುತ್ತಿದ್ದೆ. ಒಳಗೆ ಅಡುಗೆಮನೆಯಲ್ಲಿ ಹುಡುಗಿ ಇರುತ್ತಿದ್ದಳು. ಆಮೇಲೆ ಅಲ್ಲಿ ಏನು ನಡೆಯುತ್ತದೆ ಎಂದು ನಾನು ಯಾವತ್ತೂ ಕಂಡದ್ದಿಲ್ಲ.

"ತುಮ್ ಜಾವೋ ಮಮ್ಮಿ" ಎಂದಳು ಅಳುತ್ತಲೇ. "ಪ್ಲೀಸ್, ಹೋಗು."

ನಾನು ಚಪ್ಪಲಿ ಬಿಟ್ಟು ಅವಳ ಪಕ್ಕ ಕೂತೆ.